ಆರು ಪೇಪರ್‌ಗಳ ಲೆಕ್ಕ: ಸಿಎ ಪರೀಕ್ಷೆಯ ಹೊರೆ ಎಲ್ಲಿಗೆ ಸರಿಯಿತು?

ಸಿಎ, ಅಂದರೆ ಚಾರ್ಟರ್ಡ್ ಅಕೌಂಟೆಂಟ್ ಆಗಲು ಓದುವ ಮಕ್ಕಳಿರುವ ಮನೆಗಳಲ್ಲಿ ಈಚೆಗೆ ಒಂದು ಮಾತು ಓಡಾಡುತ್ತಿದೆ: ‘ಈಗ ಸಿಎ ಸುಲಭ ಮಾಡಿದ್ದಾರಂತೆ.’ ಮಾತು ಪೂರ್ತಿ ಗಾಳಿಯಲ್ಲಿ ಹುಟ್ಟಿದ್ದಲ್ಲ. ಫೌಂಡೇಶನ್, ಇಂಟರ್‌ಮೀಡಿಯೆಟ್, ಫೈನಲ್ ಎಂಬ ಮೂರು ಹಂತಗಳಲ್ಲಿ ನಡುವಿನ ಇಂಟರ್‌ಮೀಡಿಯೆಟ್‌ನಲ್ಲಿ ಎಂಟು ಪೇಪರ್‌ಗಳಿದ್ದವು, ಈಗ ಆರು. ಫೈನಲ್‌ನಲ್ಲೂ ಎಂಟು ಹೋಗಿ ಆರಾಗಿವೆ. ಸಿಎ ಕಚೇರಿಯೊಂದರಲ್ಲಿ ಕೆಲಸ ಕಲಿಯುವ ಮೂರು ವರ್ಷದ ತರಬೇತಿ, ಅಂದರೆ ಆರ್ಟಿಕಲ್‌ಶಿಪ್, ಎರಡಕ್ಕೆ ಇಳಿದಿದೆ. ಮೇ, ನವೆಂಬರ್ ಎಂದು ವರ್ಷಕ್ಕೆ ಎರಡೇ ಸಲ ಬರುತ್ತಿದ್ದ ಪರೀಕ್ಷೆ ಈಗ ಜನವರಿ, ಮೇ, ಸೆಪ್ಟೆಂಬರ್ ಎಂದು ಮೂರು ಸಲ ಬರುತ್ತದೆ. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕೈಗಿತ್ತರೆ ಯಾರಿಗಾದರೂ ಸುಲಭವೆಂದೇ ಅನ್ನಿಸಬೇಕು.

ನನಗೆ ಹಾಗೆ ಅನ್ನಿಸುವುದಿಲ್ಲ. ಕಠಿಣವಾಗಿದೆ ಎಂದೂ ನಾನು ಹೇಳುತ್ತಿಲ್ಲ. ಹೊರೆ ಒಂದು ಹೆಗಲಿನಿಂದ ಇನ್ನೊಂದಕ್ಕೆ ಸರಿದಿದೆ, ಅಷ್ಟೆ. ಎಲ್ಲಿಗೆ ಸರಿಯಿತು ಎಂದು ತಿಳಿಯದೆ ಹಳೆಯ ನಡಿಗೆಯಲ್ಲೇ ನಡೆದವರು ಎಡವುತ್ತಿದ್ದಾರೆ. ಜಮೆ–ಖರ್ಚು ಬರೆದವರಿಗೆ ಇದು ಹೊಸದೇನಲ್ಲ. ಒಂದು ಖಾತೆಯಲ್ಲಿ ಇಳಿದ ಮೊತ್ತ ಇನ್ನೆಲ್ಲೋ ಒಂದು ಖಾತೆಯಲ್ಲಿ ತಲೆ ಎತ್ತಲೇಬೇಕು.

ಭಾರತೀಯ ಲೆಕ್ಕಪರಿಶೋಧಕರ ಸಂಸ್ಥೆ, ಅಂದರೆ ಐಸಿಎಐ, 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯಡಿ ಹುಟ್ಟಿದ ಸಂಸ್ಥೆ. ಪಾಠ, ಪರೀಕ್ಷೆ, ತರಬೇತಿ, ಪರವಾನಗಿ ಎಲ್ಲವೂ ಅದರ ಕೈಯಲ್ಲೇ ಇವೆ. ಅದು ತನ್ನ ಹೊಸ ಶಿಕ್ಷಣ ಮತ್ತು ತರಬೇತಿ ಯೋಜನೆಯನ್ನು 2023ರ ಜುಲೈ 1ರಿಂದ ಜಾರಿಗೆ ತಂದಿತು. ಆ ಯೋಜನೆಯ ಮೊದಲ ಇಂಟರ್ ಮತ್ತು ಫೈನಲ್ ಪರೀಕ್ಷೆಗಳು 2024ರ ಮೇ ತಿಂಗಳಲ್ಲಿ ನಡೆದವು, ಫೌಂಡೇಶನ್ ಜೂನ್‌ನಲ್ಲಿ ನಡೆಯಿತು.

ಮೊದಲು ‘ಒಂದು ವರ್ಷ ಉಳಿಯಿತು’ ಎಂಬ ಸಂತೋಷದ ಲೆಕ್ಕವನ್ನೇ ತಾಳೆ ನೋಡೋಣ.

ಹಳೆಯ ಯೋಜನೆಯಲ್ಲಿ ಆರ್ಟಿಕಲ್‌ಶಿಪ್ 36 ತಿಂಗಳು. ಅದರ ಕೊನೆಯ ಆರು ತಿಂಗಳಲ್ಲಿರುವಾಗಲೇ ಫೈನಲ್ ಬರೆಯಲು ಅವಕಾಶವಿತ್ತು. ಅಂದರೆ ಕಚೇರಿಗೆ ಸೇರಿದ ದಿನದಿಂದ 30 ತಿಂಗಳು ಕಳೆದರೆ ಪರೀಕ್ಷಾ ಕೊಠಡಿಯ ಬಾಗಿಲು ತೆರೆಯುತ್ತಿತ್ತು. ಹೊಸ ಯೋಜನೆಯಲ್ಲಿ 24 ತಿಂಗಳ ತರಬೇತಿ ಮುಗಿಯಬೇಕು, ಅದಾದ ಮೇಲೆ ಆರು ತಿಂಗಳ ಓದಿನ ಅವಧಿ ಕಳೆಯಬೇಕು, ಆಮೇಲೆ ಫೈನಲ್. 24ಕ್ಕೆ 6 ಕೂಡಿಸಿದರೆ ಮತ್ತೆ ಅದೇ 30. ಪರೀಕ್ಷೆಯ ಬಾಗಿಲು ಒಂದು ದಿನವೂ ಹತ್ತಿರ ಬಂದಿಲ್ಲ. ಬದಲಾದದ್ದು ಆ ಕೊನೆಯ ಆರು ತಿಂಗಳ ಗುಣ. ಹಿಂದೆ ಹಗಲು ಆಡಿಟ್, ರಾತ್ರಿ ಓದು ಎಂದು ಕಳೆಯುತ್ತಿದ್ದ ತಿಂಗಳುಗಳು ಈಗ ಪೂರ್ತಿ ಓದಿನವು. ಬರೆದು ಪಾಸಾದ ಮೇಲೂ ತರಬೇತಿಯ ಬಾಕಿ ತಿಂಗಳುಗಳಿಗಾಗಿ ಕಾಯುವ ಹಂಗು ಈಗ ಇಲ್ಲ, ಅದು ನಿಜವಾದ ಉಳಿತಾಯ. ಆದರೆ ಆ ಓದಿನ ಆರು ತಿಂಗಳಲ್ಲಿ ಸ್ಟೈಪೆಂಡ್ ಬರುವುದಿಲ್ಲ ಎಂಬುದನ್ನು ಮನೆಯವರು ಲೆಕ್ಕಕ್ಕೆ ಹಿಡಿಯಬೇಕು.

ಇನ್ನೊಂದು ಷರತ್ತು ಹೆಚ್ಚು ಸದ್ದಿಲ್ಲದೆ ಬಂದಿದೆ. ಪೇಪರ್‌ಗಳನ್ನು ಎರಡು ಗ್ರೂಪ್‌ಗಳಾಗಿ ಹಂಚಿರುತ್ತಾರೆ. ಮೊದಲು ಇಂಟರ್‌ನ ಒಂದು ಗ್ರೂಪ್ ಪಾಸಾದರೂ ಆರ್ಟಿಕಲ್‌ಶಿಪ್‌ಗೆ ಸೇರಬಹುದಿತ್ತು. ಈಗ ಎರಡೂ ಗ್ರೂಪ್ ಮುಗಿಸಿರಬೇಕು. ಒಂದು ಗ್ರೂಪ್‌ನಲ್ಲಿ ಸಿಕ್ಕಿಕೊಂಡವನ ಗಡಿಯಾರ ಹಿಂದೆ ಓಡುತ್ತಲೇ ಇರುತ್ತಿತ್ತು, ಈಗ ನಿಂತುಬಿಡುತ್ತದೆ. ಅಂಥವರ ಪಾಲಿಗೆ ಹೊಸ ದಾರಿ ಹಳೆಯದಕ್ಕಿಂತ ಉದ್ದ.

ಈ ಷರತ್ತನ್ನೂ ಆ ಆರು ತಿಂಗಳ ಅಂತರವನ್ನೂ ಜೊತೆಗಿಟ್ಟು ನೋಡಿದಾಗ ಮಾತ್ರ ಯೋಜನೆಯ ಒಳಗಿನ ತರ್ಕ ತಿಳಿಯುತ್ತದೆ. ಆರ್ಟಿಕಲ್‌ಶಿಪ್‌ನ ಎರಡು ವರ್ಷಗಳಲ್ಲಿ ವಿದ್ಯಾರ್ಥಿಗೆ ಈಗ ಯಾವ ಗ್ರೂಪ್ ಪರೀಕ್ಷೆಯೂ ಇಲ್ಲ. ಇಂಟರ್ ಹಿಂದೆ ಮುಗಿದಿದೆ, ಫೈನಲ್ ಇನ್ನೂ ಮುಂದಿದೆ. ಪರೀಕ್ಷೆ ಇಲ್ಲದ ಮೇಲೆ ಪರೀಕ್ಷೆಗೆಂದು ರಜೆ ಯಾಕೆ? ಮೂರು ವರ್ಷಕ್ಕೆ 156 ದಿನ ಸಿಗುತ್ತಿದ್ದ ರಜೆ ವರ್ಷಕ್ಕೆ 12 ದಿನಕ್ಕೆ ಇಳಿದದ್ದು ಹೀಗೆ. ರಜೆ ಕಡಿತವನ್ನು ಮಾತ್ರ ಪ್ರತ್ಯೇಕವಾಗಿ ಕೇಳಿದವರಿಗೆ ಅದು ಕ್ರೌರ್ಯವಾಗಿ ಕಾಣುತ್ತದೆ. ಕಚೇರಿಯಲ್ಲಿ ನಿಜವಾಗಿ ಕೂತು ದುಡಿದ ಅವಧಿಯನ್ನು ಹೋಲಿಸಿದರೆ ಹಳೆಯದಕ್ಕೂ ಹೊಸದಕ್ಕೂ ಇರುವ ಅಂತರ ಒಂದು ವರ್ಷವಲ್ಲ, ಸುಮಾರು ಏಳೆಂಟು ತಿಂಗಳು.

ಸ್ವಂತ ಪ್ರ್ಯಾಕ್ಟೀಸ್ ಮಾಡಬೇಕೆನ್ನುವವರಿಗೆ ಕಡಿತವಾದ ಆ ವರ್ಷ ಇನ್ನೊಂದು ವೇಷದಲ್ಲಿ ಎದುರಾಗುತ್ತದೆ. ಎರಡು ವರ್ಷದ ತರಬೇತಿಯಲ್ಲಿ ಬಂದವರು ಪ್ರ್ಯಾಕ್ಟೀಸ್ ಪ್ರಮಾಣಪತ್ರ ಪಡೆಯಬೇಕಾದರೆ, ಪಾಸಾದ ಮೇಲೆ ಸಿಎ ಸಂಸ್ಥೆಯೊಂದರಲ್ಲಿ ಒಂದು ವರ್ಷದ ಅನುಭವ ತೋರಿಸಬೇಕು. ಕಂಪನಿ ಕೆಲಸಕ್ಕೆ ಹೋಗುವವರಿಗೆ ಈ ಮಾತು ಅನ್ವಯಿಸುವುದಿಲ್ಲ. ಒಂದು ರೀತಿಯಲ್ಲಿ ಸಂಸ್ಥೆ ಒಪ್ಪಿಕೊಂಡಂತಾಯಿತು: ನಮ್ಮಲ್ಲಿ ಬರುವ ಮಕ್ಕಳಲ್ಲಿ ಅನೇಕರಿಗೆ ನಾಮಫಲಕ ಹಾಕುವ ಆಸೆ ಇಲ್ಲ, ಅವರನ್ನು ಯಾಕೆ ಮೂರು ವರ್ಷ ಹಿಡಿದಿಡಬೇಕು?

ಈಗ ಅಂಕಗಳ ಲೆಕ್ಕ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ಮಕ್ಕಳು ಕೈ ಸುಟ್ಟುಕೊಳ್ಳುವುದು ಇಲ್ಲಿಯೇ.

ಪಾಸಾಗುವ ನಿಯಮ ಬದಲಾಗಿಲ್ಲ. ಪ್ರತಿ ಪೇಪರ್‌ನಲ್ಲಿ 40, ಇಡೀ ಗ್ರೂಪ್‌ನಲ್ಲಿ ಶೇ 50. ಆದರೆ ಗ್ರೂಪ್‌ನೊಳಗಿನ ಪೇಪರ್‌ಗಳು ನಾಲ್ಕರಿಂದ ಮೂರಾದಾಗ ಇದೇ ನಿಯಮದ ಭಾರ ಬೇರೆಯಾಗುತ್ತದೆ. ಒಂದು ವಿಷಯದಲ್ಲಿ ನೀವು ದುರ್ಬಲರು, 40ಕ್ಕೆ ತೂಗಿ ನಿಂತಿರಿ ಎನ್ನಿ. ಹತ್ತು ಅಂಕದ ಕೊರತೆ. ನಾಲ್ಕು ಪೇಪರ್‌ಗಳ ಕಾಲದಲ್ಲಿ ಆ ಹತ್ತನ್ನು ಉಳಿದ ಮೂರು ಪೇಪರ್‌ಗಳು ಹಂಚಿಕೊಳ್ಳುತ್ತಿದ್ದವು, ಒಂದೊಂದರಲ್ಲಿ 53–54 ಬಂದರೆ ಸಾಕಿತ್ತು. ಈಗ ಹಂಚಿಕೊಳ್ಳಲು ಇರುವುದು ಎರಡೇ, ಎರಡರಲ್ಲೂ 55 ಬೇಕು. ಎರಡು ವಿಷಯಗಳಲ್ಲಿ 40ಕ್ಕೆ ನಿಂತವರ ಪಾಡು ಇನ್ನೂ ಬಿಗಿ. ಹಿಂದೆ ಉಳಿದ ಎರಡರಲ್ಲಿ ತಲಾ 60 ತಂದು ದಡ ಸೇರಬಹುದಿತ್ತು. ಈಗ ಉಳಿದಿರುವ ಒಂದೇ ಪೇಪರ್‌ನಲ್ಲಿ 70 ತರಬೇಕು. ಫೈನಲ್‌ನ ಫೈನಾನ್ಶಿಯಲ್ ರಿಪೋರ್ಟಿಂಗ್‌ನಲ್ಲಿ 70 ತರುವುದೆಂದರೆ ಏನೆಂದು ಬರೆದವರಿಗೇ ಗೊತ್ತು. ದಾಟಬೇಕಾದ 40ರ ಹೊಸ್ತಿಲುಗಳು ನಾಲ್ಕರಿಂದ ಮೂರಾದವು ಎಂಬ ಅನುಕೂಲವೂ ಇದೆ, ಅದನ್ನು ಮರೆಮಾಚುವುದಿಲ್ಲ. ಆದರೂ ಹಿಂದೆ ‘ಒಂದು ವಿಷಯ ಕೈಬಿಟ್ಟು ಉಳಿದದ್ದರಲ್ಲಿ ಎಳೆದುಕೊಳ್ಳುತ್ತೇನೆ’ ಎನ್ನುತ್ತಿದ್ದ ತಂತ್ರಕ್ಕೆ ಈಗ ಜಾಗ ಕಿರಿದು.

ವಿನಾಯಿತಿಯ ಕಥೆ ಇನ್ನೂ ಸ್ವಾರಸ್ಯದ್ದು. ಗ್ರೂಪ್‌ನಲ್ಲಿ ಅನುತ್ತೀರ್ಣರಾದರೂ ಒಂದು ಪೇಪರ್‌ನಲ್ಲಿ 60 ಅಥವಾ ಹೆಚ್ಚು ಬಂದಿದ್ದರೆ, ಮುಂದಿನ ಮೂರು ಪರೀಕ್ಷೆಗಳವರೆಗೆ ಆ ಪೇಪರ್ ಮತ್ತೆ ಬರೆಯಬೇಕಿಲ್ಲ. ಆ ಮೂರೂ ಮುಗಿದ ಮೇಲೆ, ಬೇಕೆಂದರೆ ಅದೇ ವಿನಾಯಿತಿಯನ್ನು ಶಾಶ್ವತವಾಗಿ ಉಳಿಸಿಕೊಳ್ಳುವ ಅವಕಾಶವನ್ನು ಹೊಸ ಯೋಜನೆ ಕೊಟ್ಟಿದೆ. ‘ಶಾಶ್ವತ’ ಎಂಬ ಪದ ಕೇಳಿದೊಡನೆ ಎಲ್ಲರ ಮುಖ ಅರಳುತ್ತದೆ. ಪಕ್ಕದ ಸಾಲು ಓದುವವರು ಕಡಿಮೆ: ಹಾಗೆ ಉಳಿಸಿಕೊಂಡರೆ ಉಳಿದ ಪೇಪರ್‌ಗಳಲ್ಲಿ 40 ಸಾಲದು, 50 ಬೇಕು.

ಒಬ್ಬ ವಿದ್ಯಾರ್ಥಿನಿಗೆ 62, 44, 41 ಬಂತು ಎಂದುಕೊಳ್ಳಿ. ಎಲ್ಲವೂ 40ರ ಮೇಲಿದೆ, ಒಟ್ಟು ಮಾತ್ರ 147. ಮೂರು ಅಂಕಕ್ಕೆ ಗ್ರೂಪ್ ಹೋಯಿತು. ಮುಂದಿನ ಮೂರು ಪರೀಕ್ಷೆಗಳಲ್ಲಿ ಅವಳ 62 ಒಟ್ಟಿನ ಲೆಕ್ಕಕ್ಕೆ ಸೇರುತ್ತದೆ, ಹಾಗಾಗಿ ಉಳಿದ ಎರಡರಿಂದ 88 ತಂದರೆ ಮುಗಿಯಿತು. ಹಿಂದಿನ ಸಲ 85 ತಂದಿದ್ದಳು. ಬೇಕಾಗಿರುವುದು ಮೂರೇ ಅಂಕ. ಮೂರು ಅವಕಾಶ ಕಳೆದು ಶಾಶ್ವತ ವಿನಾಯಿತಿಗೆ ಬರೆದುಕೊಟ್ಟರೆ? ಎರಡರಲ್ಲೂ 50, ಅಂದರೆ 100. ಮೂರು ಅಂಕದ ದೂರ ಹದಿನೈದಾಗುತ್ತದೆ. ಆ ‘ಶಾಶ್ವತ’ಕ್ಕೆ ತೆತ್ತ ಬೆಲೆ ಹನ್ನೆರಡು ಅಂಕ.

ಇದರ ಜೊತೆಗೆ ಕ್ಯಾಲೆಂಡರ್ ಬೇರೆ ಬದಲಾಗಿದೆ. ಮೂರು ಪರೀಕ್ಷೆ ಎಂದರೆ ಮೊದಲು ಒಂದೂವರೆ ವರ್ಷ. ವರ್ಷಕ್ಕೆ ಮೂರು ಸಲ ಪರೀಕ್ಷೆ ನಡೆಯುವಾಗ ಅದು ಒಂದೇ ವರ್ಷ. ಅವಕಾಶಗಳು ಹತ್ತಿರ ಬಂದಂತೆ ವಿನಾಯಿತಿಯ ಆಯುಷ್ಯವೂ ಕುಗ್ಗಿತು. ನಡುವೆ ಒಂದು ಪರೀಕ್ಷೆ ತಪ್ಪಿಸಿ ವಿಶ್ರಾಂತಿ ತೆಗೆದುಕೊಳ್ಳುತ್ತೇನೆ ಎನ್ನುವವರು ಇದನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಹಾಗೆಂದು ಮೂರನೆಯ ಅವಕಾಶವನ್ನು ನಾನು ಹಳಿಯುವುದಿಲ್ಲ. ಇಡೀ ಬದಲಾವಣೆಯಲ್ಲಿ ಕಣ್ಣುಮುಚ್ಚಿ ಹೊಗಳಬಹುದಾದದ್ದು ಅದೊಂದೇ. ಫೌಂಡೇಶನ್ ಮತ್ತು ಇಂಟರ್‌ಗೆ 2024ರಿಂದ, ಫೈನಲ್‌ಗೆ 2025ರಿಂದ ಈ ವ್ಯವಸ್ಥೆ ಬಂದಿದೆ. ಫೈನಲ್‌ಗೆ 2024ರ ನವೆಂಬರ್ ಕೊನೆಯ ನವೆಂಬರ್ ಆಯಿತು. ಮೂರು ಅಂಕಕ್ಕೆ ಸೋತವರು ಆರು ತಿಂಗಳು ಕಾಯುವ ಬದಲು ನಾಲ್ಕು ತಿಂಗಳು ಕಾಯುತ್ತಾರೆ. ಫಲಿತಾಂಶ ಬರುವವರೆಗಿನ ವಾರಗಳನ್ನು ಕಳೆದರೆ ಮತ್ತೆ ಓದಲು ಸಿಗುವ ಸಮಯ ಅಷ್ಟಕ್ಕಷ್ಟೆ ಎಂಬ ಗೊಣಗಾಟವಿದೆ, ಅದು ಸುಳ್ಳೂ ಅಲ್ಲ. ಆದರೆ ಕೈಯಲ್ಲಿ ಅರ್ಧ ವರ್ಷ ಇದ್ದವರು ಮೊದಲ ಎರಡು ತಿಂಗಳು ಏನು ಮಾಡುತ್ತಿದ್ದರು ಎಂಬುದನ್ನು ನಾವೆಲ್ಲ ನೋಡಿದ್ದೇವೆ. ನಾನೂ ಅದನ್ನೇ ಮಾಡಿದ್ದೆ.

ಪ್ರಶ್ನೆಪತ್ರಿಕೆಯ ಒಳಗೆ ಆದ ಬದಲಾವಣೆ ಇವೆಲ್ಲಕ್ಕಿಂತ ಆಳದ್ದು. ಇಂಟರ್ ಮತ್ತು ಫೈನಲ್‌ನ ಹೆಚ್ಚಿನ ಪೇಪರ್‌ಗಳಲ್ಲಿ 30 ಅಂಕ ಈಗ ಬಹು ಆಯ್ಕೆಯ ಪ್ರಶ್ನೆಗಳಿಗೆ ಮೀಸಲು. ಮೊದಲು ಕೆಲವು ವಿಷಯಗಳಿಗೆ ಮಾತ್ರ ಇದ್ದದ್ದು ಈಗ ಎಲ್ಲೆಡೆ ಹರಡಿದೆ. ಇವುಗಳಲ್ಲಿ ಹೆಚ್ಚಿನವು ಒಂದು ಸಾಲಿನ ಪ್ರಶ್ನೆಗಳಲ್ಲ. ಮೊದಲು ಒಂದು ಪ್ರಕರಣ ಕೊಡುತ್ತಾರೆ, ಅದರ ಮೇಲೆ ಪ್ರಶ್ನೆಗಳ ಸರಣಿ ಬರುತ್ತದೆ. ಫೌಂಡೇಶನ್‌ನಲ್ಲಿ ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ, ಇಂಟರ್ ಮತ್ತು ಫೈನಲ್‌ನಲ್ಲಿ ಕಳೆಯುವುದಿಲ್ಲ. ‘ಕಳೆಯುವುದಿಲ್ಲವಲ್ಲ, ಊಹಿಸಿದರೂ ಆಯಿತು’ ಎಂಬುದು ಹುಡುಗರ ಸಮಾಧಾನ.

ಅವರು ಗಮನಿಸದ ನಷ್ಟ ಬೇರೆ ಇದೆ. ವಿವರವಾಗಿ ಬಿಡಿಸುವ ಲೆಕ್ಕದಲ್ಲಿ ನಡುವೆ ಒಂದು ಅಂಕಿ ತಪ್ಪಿದರೂ ಹಂತಕ್ಕೆ ಇಷ್ಟೆಂದು ಅಂಕ ಸಿಗುತ್ತದೆ. ಸವಕಳಿ ತಪ್ಪಾಗಿ ಹಾಕಿದ್ದೀರಿ, ಉಳಿದ ದಾರಿ ಸರಿ ಇದೆ ಎಂದರೆ ಮೌಲ್ಯಮಾಪಕರು ಆ ದಾರಿಗೆ ಅಂಕ ಕೊಡುತ್ತಾರೆ. ಒಎಂಆರ್ ಹಾಳೆಗೆ ದಾರಿ ಕಾಣುವುದಿಲ್ಲ. ಅಷ್ಟೇ ಅಲ್ಲ, ಪ್ರಶ್ನೆ ತೆಗೆಯುವವರು ಜಾಣರು: ಸವಕಳಿಯಲ್ಲಿ ಎಲ್ಲರೂ ಮಾಡುವ ಆ ತಪ್ಪನ್ನು ಮಾಡಿದರೆ ಬರುವ ಮೊತ್ತವನ್ನೇ ಇನ್ನೊಂದು ಆಯ್ಕೆಯಾಗಿ ಇಟ್ಟಿರುತ್ತಾರೆ. ನಿಮ್ಮ ತಪ್ಪು ಉತ್ತರ ಅಚ್ಚಾಗಿ ಕಣ್ಣೆದುರು ಕೂತಿರುವಾಗ ಅನುಮಾನ ಹೇಗೆ ಬಂದೀತು?

ಫೈನಲ್‌ನ ಆರನೆಯ ಪೇಪರ್ ಇದರ ಇನ್ನೊಂದು ತುದಿ. ಹೆಸರು ಇಂಟಿಗ್ರೇಟೆಡ್ ಬಿಸಿನೆಸ್ ಸೊಲ್ಯೂಷನ್ಸ್. ನಾಲ್ಕು ಗಂಟೆಯ ಪರೀಕ್ಷೆ, ಪುಸ್ತಕ ತೆರೆದಿಟ್ಟುಕೊಂಡೇ ಬರೆಯಬಹುದು. ಹಳೆಯ ಯೋಜನೆಯಲ್ಲೂ ಆರನೆಯ ಪೇಪರ್‌ಗೆ ಪುಸ್ತಕ ಒಯ್ಯಬಹುದಿತ್ತು, ಆದರೆ ಆಗ ಆರು ಐಚ್ಛಿಕ ವಿಷಯಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದಿತ್ತು. ಈಗ ಆಯ್ಕೆ ಇಲ್ಲ, ಎಲ್ಲ ವಿಷಯಗಳನ್ನೂ ಒಟ್ಟಿಗೆ ಕಲೆಸಿದ ಪ್ರಕರಣಗಳನ್ನು ಎಲ್ಲರೂ ಬರೆಯಬೇಕು.

ಕಲೆಸುವುದೆಂದರೆ ಏನು ಎಂಬುದಕ್ಕೆ ನಾನೇ ಕಟ್ಟಿದ ಒಂದು ಪುಟ್ಟ ಉದಾಹರಣೆ. ರಟ್ಟಿನ ಪೆಟ್ಟಿಗೆ ಮಾಡುವ ಒಂದು ಕಂಪನಿ. ಅದರ ನಿರ್ದೇಶಕನ ಹೆಂಡತಿ ಪಾಲುದಾರಳಾಗಿರುವ ಸಂಸ್ಥೆಯಿಂದ ಕಾಗದ ಖರೀದಿಯಾಗುತ್ತದೆ. ಪೇಟೆಯಲ್ಲಿ ಕಿಲೋಗೆ 60 ರೂಪಾಯಿ, ಕಂಪನಿ ಕೊಟ್ಟಿದ್ದು 75. ಒಂದೇ ಬಿಲ್ಲು. ಕಂಪನಿ ಕಾಯ್ದೆಯ 188ನೇ ಕಲಮಿನ ಪ್ರಕಾರ ಇದು ಸಂಬಂಧಿತರ ಜೊತೆಗಿನ ವ್ಯವಹಾರ. ಬೆಲೆ ಪೇಟೆಗಿಂತ ಹೆಚ್ಚಿರುವುದರಿಂದ ‘ಮಾಮೂಲಿ ವ್ಯವಹಾರ’ ಎಂದು ನುಣುಚಿಕೊಳ್ಳಲಾಗದು, ಮಂಡಳಿಯ ಒಪ್ಪಿಗೆ ಬೇಕು. 1961ರ ಹಳೆಯ ಆದಾಯ ತೆರಿಗೆ ಕಾಯ್ದೆಯ 40ಎ(2)ರಲ್ಲಿ ಹೆಚ್ಚುವರಿ 15 ರೂಪಾಯಿ ಖರ್ಚೆಂದು ಒಪ್ಪಿಗೆಯಾಗದೆ ಹೋಗಬಹುದಿತ್ತು. ಲೆಕ್ಕಪತ್ರದಲ್ಲಿ ಇಂಡ್ ಎಎಸ್ 24 ಎಂಬ ಲೆಕ್ಕಪತ್ರ ಮಾನದಂಡದಂತೆ ಬಹಿರಂಗಪಡಿಸಬೇಕು. ಲೆಕ್ಕಪರಿಶೋಧಕನಿಗೆ ಸಂಬಂಧಿತರ ವ್ಯವಹಾರಗಳ ಬಗ್ಗೆಯೇ ಇರುವ ಪರಿಶೋಧನಾ ಮಾನದಂಡ ಎಸ್‌ಎ 550 ಇದೆ. ಇನ್ನು ಜಿಎಸ್‌ಟಿ? ಅಲ್ಲಿ ‘ಸಂಬಂಧಿತ ವ್ಯಕ್ತಿ’ಯ ವ್ಯಾಖ್ಯೆಯೇ ಬೇರೆ. ಕಂಪನಿ ಕಾಯ್ದೆಯಲ್ಲಿ ನೆಂಟರಾದವರು ಜಿಎಸ್‌ಟಿಯಲ್ಲಿ ನೆಂಟರಾಗದೆ ಹೋಗಬಹುದು. ಐದು ಪುಸ್ತಕಗಳನ್ನು ಬಾಯಿಪಾಠ ಮಾಡಿದವನೂ ಈ ಕೊನೆಯ ತಿರುವಿನಲ್ಲಿ ಜಾರುತ್ತಾನೆ, ಯಾಕೆಂದರೆ ಒಂದು ಪುಸ್ತಕದ ಅರ್ಥವನ್ನು ಇನ್ನೊಂದಕ್ಕೆ ಹೊತ್ತು ತಂದಿರುತ್ತಾನೆ.

ಇಂಥ ಕಡೆ ತೆರೆದ ಪುಸ್ತಕ ಏನು ಮಾಡೀತು? ಯಾವ ಪುಸ್ತಕ ತೆರೆಯಬೇಕೆಂದು ಅದು ಹೇಳುವುದಿಲ್ಲ. ಚೀಲದ ತುಂಬ ಪುಸ್ತಕ ಹೊತ್ತು ಹೋಗಿ, ನಾಲ್ಕು ಗಂಟೆಯಲ್ಲಿ ಒಂದು ಗಂಟೆಯನ್ನು ಪುಟ ತಿರುವುವುದರಲ್ಲೇ ಕಳೆದು ಬಂದವರು ಇದ್ದಾರೆ. ಆದರೂ ಈ ಪೇಪರ್‌ನ ಪರ ನಾನಿದ್ದೇನೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ (ಜಾರಿ 2026ರ ಏಪ್ರಿಲ್ 1ರಿಂದ) 1961ರ ಕಾಯ್ದೆಯ ಕಲಮು ಸಂಖ್ಯೆಗಳೆಲ್ಲ ಬದಲಾಗಿವೆ. ದಶಕಗಳಿಂದ ನಾಲಿಗೆಯ ತುದಿಯಲ್ಲಿದ್ದ 44ಎಬಿ, 80ಸಿಗಳೇ ಹೋದ ಮೇಲೆ ಸಂಖ್ಯೆ ನೆನಪಿಡುವ ವಿದ್ಯೆಗೆ ಎಷ್ಟು ದಿನದ ಬಾಳಿಕೆ?

ನನ್ನ ತಕರಾರು ಇರುವುದು ಕೊಠಡಿಯಿಂದ ಹೊರಗೆ ಹೋದ ಪೇಪರ್‌ಗಳ ಬಗ್ಗೆ. ಆರ್ಥಿಕ ಕಾನೂನುಗಳು ಮತ್ತು ಸ್ಟ್ರಾಟೆಜಿಕ್ ಕಾಸ್ಟ್ ಮ್ಯಾನೇಜ್‌ಮೆಂಟ್ ಈಗ ವಿದ್ಯಾರ್ಥಿ ತನ್ನ ವೇಗದಲ್ಲಿ ಓದಿ ಮುಗಿಸುವ ಆನ್‌ಲೈನ್ ಮಾಡ್ಯೂಲ್‌ಗಳಾಗಿವೆ. ಎರಡು ಕಡ್ಡಾಯ, ಇನ್ನೆರಡು ಆಯ್ಕೆಯವು, ಪ್ರತಿಯೊಂದರಲ್ಲೂ ಶೇ 50 ತಂದರೆ ಮಾತ್ರ ಫೈನಲ್‌ಗೆ ಅರ್ಹತೆ. ಆಯ್ಕೆಯ ಪಟ್ಟಿಯಲ್ಲಿ ಫೊರೆನ್ಸಿಕ್ ಅಕೌಂಟಿಂಗ್, ಮೌಲ್ಯಮಾಪನದಂಥ ಒಳ್ಳೆಯ ವಿಷಯಗಳಿವೆ. ಆದರೆ ಕಾಸ್ಟಿಂಗ್‌ನಂಥ ವಿಷಯವನ್ನು ಕಂಪ್ಯೂಟರಿನ ಮುಂದೆ ಗುಂಡಿ ಒತ್ತಿ ದಾಟಿಬಿಡುವಂತಾದರೆ, ಅದು ದಾಟಬೇಕಾದ ಒಂದು ಔಪಚಾರಿಕತೆಯಾಗಿ ಉಳಿಯುತ್ತದೆ. ಕಾರ್ಖಾನೆಯ ಮಾಲೀಕ ಎದುರು ಕೂತು ‘ಈ ಆರ್ಡರ್ ಒಪ್ಪಿಕೊಳ್ಳಲೋ ಬೇಡವೋ’ ಎಂದು ಕೇಳುವಾಗ ನಾಲ್ಕು ಆಯ್ಕೆಗಳನ್ನು ಅವನು ಕೊಡುವುದಿಲ್ಲ.

ಭಾಷೆಯ ವಿಷಯವನ್ನು ಯಾರೂ ಎತ್ತುವುದಿಲ್ಲ, ಹಾಗಾಗಿ ಎತ್ತುತ್ತೇನೆ. ಸಿಎ ಪರೀಕ್ಷೆಯನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬರೆಯಬಹುದು, ಕನ್ನಡದಲ್ಲಿ ಇಲ್ಲ. ಹಳೆಯ ಫೌಂಡೇಶನ್‌ನಲ್ಲಿ ವ್ಯವಹಾರ ಪತ್ರ ಮತ್ತು ವರದಿ ಬರವಣಿಗೆಗೆ 40 ಅಂಕಗಳ ಭಾಗವೊಂದಿತ್ತು. ಹೊಸದರಲ್ಲಿ ಅದನ್ನು ತೆಗೆದರು. ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿ ಪಿಯುಸಿ ವಾಣಿಜ್ಯಕ್ಕೆ ಬಂದ ಹುಡುಗಿಗೆ ಇದು ದೊಡ್ಡ ನಿರಾಳ. ಆದರೆ ಅದೇ ಹುಡುಗಿ ಇಂಟರ್‌ಗೆ ಬಂದಾಗ ಪ್ರಕರಣಗಳು ಪುಟಗಟ್ಟಲೆ ಇಂಗ್ಲಿಷಿನಲ್ಲಿ ಎದುರಾಗುತ್ತವೆ. ಲೆಕ್ಕ ಗೊತ್ತು, ಕಾನೂನು ಗೊತ್ತು, ಮೂರನೆಯ ಪ್ಯಾರಾದಲ್ಲಿ ಅಡಗಿದ್ದ ಒಂದು ‘ಹೊರತು’ ತಪ್ಪಿಹೋಯಿತು. ಬಾಗಿಲಲ್ಲಿ ಭಾಷೆ ಕಲಿಸುವುದನ್ನು ಬಿಟ್ಟು ಒಳಗೆ ಭಾಷೆಯನ್ನೇ ಅಳೆಯುವ ಈ ಏರ್ಪಾಟು ನನಗೆ ಅರ್ಥವಾಗಿಲ್ಲ.

ಇದೇ ಹೊತ್ತಿಗೆ ನಮ್ಮ ಸಿಎಗೆ ಸಮಾನವಾದ ಅಮೆರಿಕದ ಸಿಪಿಎ ಪರೀಕ್ಷೆಯೂ ಮೈ ಬದಲಿಸಿತು. 2024ರ ಜನವರಿಯಿಂದ ಅಲ್ಲಿ ಲೆಕ್ಕಪರಿಶೋಧನೆ, ಹಣಕಾಸು ವರದಿ, ತೆರಿಗೆ–ಕಾನೂನು ಎಂಬ ಮೂರು ಕಡ್ಡಾಯ ಭಾಗಗಳು. ಅವುಗಳ ಜೊತೆಗೆ ವ್ಯವಹಾರ ವಿಶ್ಲೇಷಣೆ, ಮಾಹಿತಿ ವ್ಯವಸ್ಥೆ, ತೆರಿಗೆ ಯೋಜನೆ ಎಂಬ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಮೊದಲಿದ್ದ ಬಿಇಸಿ (ವ್ಯವಹಾರ ಪರಿಸರ ಮತ್ತು ಪರಿಕಲ್ಪನೆಗಳು) ಭಾಗವೂ ಅದರೊಳಗಿನ ಪ್ರಬಂಧ ರೂಪದ ಬರವಣಿಗೆಯೂ ಹೋದವು. ಎಲ್ಲ ಭಾಗ ಮುಗಿಸಲು ಇದ್ದ 18 ತಿಂಗಳ ಗಡುವನ್ನು 30ಕ್ಕೆ ಏರಿಸುವ ಕೆಲಸ ರಾಜ್ಯ ರಾಜ್ಯಗಳಲ್ಲಿ ನಡೆಯಿತು. ಮೊದಲ ವರ್ಷದ ಫಲಿತಾಂಶ ಬಂದಾಗ ತೆರಿಗೆ ಯೋಜನೆ ಆರಿಸಿದವರಲ್ಲಿ ಸುಮಾರು ಶೇ 74ರಷ್ಟು, ವ್ಯವಹಾರ ವಿಶ್ಲೇಷಣೆ ಆರಿಸಿದವರಲ್ಲಿ ಸುಮಾರು ಶೇ 38ರಷ್ಟು ಪಾಸಾಗಿದ್ದರು. ಪರವಾನಗಿ ಮಾತ್ರ ಇಬ್ಬರಿಗೂ ಒಂದೇ. ಹೀಗಿರುವಾಗ ಅಭ್ಯರ್ಥಿ ಆಸಕ್ತಿಯನ್ನು ನೋಡುತ್ತಾನೋ ಅಂಕಿಯನ್ನು ನೋಡುತ್ತಾನೋ? ಆಯ್ಕೆ ಕೊಟ್ಟರೆ ಈ ಪೇಚು, ಕೊಡದಿದ್ದರೆ ನಮ್ಮ ಆರನೆಯ ಪೇಪರ್‌ನ ಪೇಚು.

ನಮ್ಮ ಫಲಿತಾಂಶಗಳಿಂದ ಏನಾದರೂ ತಿಳಿಯುತ್ತದೆಯೇ? ಫೈನಲ್‌ನ ಎರಡೂ ಗ್ರೂಪ್ ಒಟ್ಟಿಗೆ ಬರೆದವರಲ್ಲಿ 2024ರ ಮೇನಲ್ಲಿ ಶೇ 19.88, ನವೆಂಬರ್‌ನಲ್ಲಿ ಶೇ 13.44 ಮಂದಿ ಪಾಸಾದರು. ಮೊದಲನೆಯದನ್ನು ಹಿಡಿದು ‘ಸುಲಭವಾಯಿತು’ ಎಂದವರು ಎರಡನೆಯದು ಬಂದಾಗ ಸುಮ್ಮನಾದರು. ವಾಸ್ತವದಲ್ಲಿ ಎರಡೂ ಅಂಕಿಗಳು ಹೊಸ ಯೋಜನೆಯ ಬಗ್ಗೆ ಹೇಳುವುದು ಬಹಳ ಕಡಿಮೆ. ಆಗ ಬರೆದವರೆಲ್ಲ ಹಳೆಯ ತರಬೇತಿಯಲ್ಲಿ ಬೆಳೆದು ಹೊಸ ಪ್ರಶ್ನೆಪತ್ರಿಕೆಗೆ ಬಂದವರು. 2023ರ ಜುಲೈನಲ್ಲಿ ಎರಡು ವರ್ಷದ ಆರ್ಟಿಕಲ್‌ಶಿಪ್ ಸೇರಿದ ಮೊದಲ ತಂಡ ಅದನ್ನು ಮುಗಿಸಿ, ಆರು ತಿಂಗಳು ಓದಿ ಕೊಠಡಿಗೆ ಬರುವುದು ಬೇಗ ಎಂದರೆ 2026ರ ಜನವರಿಗೆ. ಹೊಸ ಯೋಜನೆಯ ನಿಜವಾದ ಪರೀಕ್ಷೆ ಅಲ್ಲಿಂದಲೇ ಶುರು.

ಅಷ್ಟರಲ್ಲಿ ಸಣ್ಣ ಊರುಗಳ ಆಡಿಟ್ ಕಚೇರಿಗಳಲ್ಲಿ ಇನ್ನೊಂದು ಬದಲಾವಣೆ ಆಗಿಬಿಟ್ಟಿದೆ, ಅದು ಯಾವ ಅಂಕಪಟ್ಟಿಯಲ್ಲೂ ಕಾಣುವುದಿಲ್ಲ. ಇಂಥ ಕಚೇರಿಗಳಲ್ಲಿ ಹೊಸ ಹುಡುಗರಿಗೆ ಕೆಲಸ ಕಲಿಸುತ್ತಿದ್ದದ್ದು ಸಿಎ ಸಾಹೇಬರಲ್ಲ. ಅವರಿಗೆ ಸಮಯವೆಲ್ಲಿ? ಮೂರನೆಯ ವರ್ಷದ ಆರ್ಟಿಕಲ್ ಒಬ್ಬ ಇರುತ್ತಿದ್ದ. ವೋಚರ್‌ನ ಮೇಲೆ ಹಸಿರು ಪೆನ್ನಿನಲ್ಲಿ ಗುರುತು ಎಲ್ಲಿ ಹಾಕಬೇಕು, ಬ್ಯಾಂಕ್ ತಾಳೆಪಟ್ಟಿಯಲ್ಲಿ ಹಳೆಯ ಚೆಕ್ಕು ಕಂಡರೆ ಏನು ಕೇಳಬೇಕು, ಯಾವ ಕಕ್ಷಿದಾರರ ಗುಮಾಸ್ತರಿಗೆ ಕಾಫಿ ಕುಡಿಸಿದರೆ ಲೆಡ್ಜರ್ ಬೇಗ ಸಿಗುತ್ತದೆ ಎಂಬುದನ್ನೆಲ್ಲ ಹೇಳಿಕೊಡುತ್ತಿದ್ದವನು ಅವನು. ಈಗ ಎರಡನೆಯ ವರ್ಷ ಮುಗಿಯುತ್ತಲೇ ಅವನು ಓದಲು ಮನೆಗೆ ಹೋಗುತ್ತಾನೆ. ಸೆಪ್ಟೆಂಬರ್‌ನ ಟ್ಯಾಕ್ಸ್ ಆಡಿಟ್ ಗಡಿಬಿಡಿಯಲ್ಲಿ ಹೊಸ ಹುಡುಗಿ ವೋಚರ್ ಹಿಡಿದು ಸುತ್ತ ನೋಡುತ್ತಾಳೆ. ಕೇಳಬಹುದಾದವನ ಕುರ್ಚಿಯ ಮೇಲೆ ಕಳೆದ ವರ್ಷದ ಫೈಲುಗಳನ್ನು ಪೇರಿಸಿಟ್ಟಿದ್ದಾರೆ.